ತಿರುವಿನ ಹೋಟೆಲಿನ ಕೊನೆಯ ಕಂತು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. 2036ರ ಜೂನ್ ತಿಂಗಳಲ್ಲಿ ಆ ಗಾದೆಯ ಮೊದಲರ್ಧ ಸುಳ್ಳಾಯಿತು. ಆಡಿದ ಮಾತು ಹೋಗಿದ್ದೇನೋ ನಿಜ. ಆದರೆ ಬಲು ದೂರ ಹೋಗಿ, ಗೋಡೆಗೆ ಬಡಿದ ಚೆಂಡಿನಂತೆ ವಾಪಸು ಬರುತ್ತಿತ್ತು.

ಅದನ್ನು ಕಂಡುಹಿಡಿದ ತಂಡದಲ್ಲಿ ಪದ್ಮಜಾ ಮಗದುಮ್ ಇದ್ದಳು. ಬೆಳಗಾವಿ ಕಡೆಯವಳು, ಮೂವತ್ತಾರರ ಹರೆಯ, ಗದ್ದಲದೊಳಗಿಂದ ಸದ್ದು ಹೆಕ್ಕುವುದು ಅವಳ ಕಸುಬು. ಚಂದ್ರನ ಹಿಂಬದಿಯಲ್ಲಿ, ಭೂಮಿಯ ಗಲಾಟೆ ತಲುಪದ ಬಯಲಿನಲ್ಲಿ ನಾಲ್ಕು ಸಾವಿರ ತಂತಿಗಳನ್ನು ಹಾಸಿ ಒಂದು ರೇಡಿಯೊ ದೂರದರ್ಶಕ ಮಾಡಿದ್ದರು. ಅದರ ನಿಯಂತ್ರಣ ಕೇಂದ್ರ ಧಾರವಾಡದ ಹೊರವಲಯದಲ್ಲಿತ್ತು. ಅಲ್ಲಿ ಕೂತು ನೋಡಿದಾಗ ಇಪ್ಪತ್ತೆರಡು ಜ್ಯೋತಿರ್ವರ್ಷ ದೂರದಲ್ಲಿ ವಿದ್ಯುತ್ಕಣಗಳ ಒಂದು ತೆಳು ಮೋಡ ಕಂಡಿತು. ಭೂಮಿಯಿಂದ ಹೋದ ಎಫ್‌.ಎಂ. ರೇಡಿಯೊ ಅಲೆಗಳು ಇಪ್ಪತ್ತೆರಡು ವರ್ಷ ಪಯಣಿಸಿ, ಆ ಮೋಡಕ್ಕೆ ಬಡಿದು, ಇನ್ನೂ ಇಪ್ಪತ್ತೆರಡು ವರ್ಷ ಪಯಣಿಸಿ ಮರಳುತ್ತಿದ್ದವು. ಅಂದರೆ ನಲವತ್ತನಾಲ್ಕು ವರ್ಷದ ಹಿಂದಿನ ರೇಡಿಯೊ ಇವತ್ತು ಆಕಾಶದಿಂದ ಇಳಿಯುತ್ತಿತ್ತು. ಪತ್ರಿಕೆಯವರು ಅದಕ್ಕೆ ಕನ್ನಡಿ ಮೋಡ ಎಂದು ಹೆಸರಿಟ್ಟರು.

ಆದರೆ ರೇಡಿಯೊ ಹಚ್ಚಿ ಕೇಳಿದಂತೆ ಅದನ್ನು ಕೇಳಲು ಬರುವಂತಿರಲಿಲ್ಲ. ಆ ಸದ್ದು ನೂರು ಪಾಲು ಗದ್ದಲದಲ್ಲಿ ಒಂದು ಪಾಲೂ ಇರಲಿಲ್ಲ. ಪದ್ಮಜಾ ಅದನ್ನು ಪತ್ರಕರ್ತರಿಗೆ ಹೀಗೆ ವಿವರಿಸುತ್ತಿದ್ದಳು: "ತುಂಬಿದ ಬಸ್‌ಸ್ಟ್ಯಾಂಡಿನಲ್ಲಿ ನೂರು ಜನ ಏನೇನೋ ಕೂಗುತ್ತಾರೆ, ನಮಗೆ ಒಂದೂ ತಿಳಿಯುವುದಿಲ್ಲ. ಆದರೆ ಯಾರೋ ನಮ್ಮ ಹೆಸರು ಹಿಡಿದು ಕೂಗಿದರೆ ಕಿವಿ ಥಟ್ಟನೆ ಹಿಡಿಯುತ್ತದೆ. ಯಾಕೆಂದರೆ ನಮ್ಮ ಹೆಸರು ನಮಗೆ ಮೊದಲೇ ಗೊತ್ತು. ಯಂತ್ರವೂ ಹಾಗೆಯೇ. ಏನನ್ನು ಹುಡುಕಬೇಕು ಎಂದು ಮೊದಲೇ ಹೇಳಿದರೆ ಅದು ಹುಡುಕಿ ಕೊಡುತ್ತದೆ."

ಹಳೆಯ ಚಿತ್ರಗೀತೆಗಳ ಧ್ವನಿಮುದ್ರಿಕೆಗಳು ಇದ್ದೇ ಇದ್ದವು. ಅವನ್ನು ಯಂತ್ರಕ್ಕೆ ಕೊಟ್ಟಾಗ ಗದ್ದಲದ ನಡುವೆ ಅದೇ ಹಾಡು ಎದ್ದು ನಿಂತಿತು. ಹೀಗೆ ಗೊತ್ತಿದ್ದ ಹಾಡು ಸಿಕ್ಕಾಗ ಮೋಡ ಅದನ್ನು ಎಲ್ಲಿ ಮುರಿದಿದೆ, ಎಲ್ಲಿ ತಿರುಚಿದೆ ಎಂಬುದು ತಿಳಿಯುತ್ತಿತ್ತು. ಪದ್ಮಜಾಳಿಗೆ ಬೇಕಾಗಿದ್ದು ಅದು, ಮೋಡದ ನಕ್ಷೆ. ಹಾಡಿನ ಮೇಲೆ ಅವಳಿಗೆ ಅಂಥ ಮೋಹವೇನೂ ಇರಲಿಲ್ಲ. ಮನೆಯಲ್ಲಿ ತಾಯಿ ಟಿ.ವಿ. ಧಾರಾವಾಹಿಯ ಅತ್ತೆಯನ್ನು ಬೈಯುತ್ತ ಕೂತರೆ, "ಅಕಿಗೆ ನಿನ್ನ ಮಾತು ಕೇಳಸ್ತೈತೇನವ್ವಾ?" ಎಂದು ರೇಗಿ ಒಳಗೆ ಹೋಗುವವಳು ಅವಳು.

2038ರ ಜನವರಿಯಲ್ಲಿ ಒಂದು ದಿನ, ಮುನ್ಸೂಚನೆಯಿಲ್ಲದೆ ಇಬ್ಬರು ಹಿರಿಯರು ಕೇಂದ್ರದ ಗೇಟಿಗೆ ಬಂದು ನಿಂತರು. ಒಬ್ಬಾಕೆ ಗುಳೇದಗುಡ್ಡದ ನೇಕಾರ್ತಿ ಬನವ್ವ ರೋಣದ, ಅರವತ್ತೆಂಟು ವರ್ಷ, ಖಣದ ಕುಪ್ಪಸ, ಕೈಯಲ್ಲಿ ಬುತ್ತಿ ಚೀಲ. ಇನ್ನೊಬ್ಬರು ಕೆರೂರಿನಲ್ಲಿ ಗಾದಿ ಹೊಲಿಯುವ ಮೆಹಬೂಬಸಾಬ ನದಾಫ, ಎಪ್ಪತ್ತರ ಹತ್ತಿರ, ಬಿಳಿ ಗಡ್ಡ, ಶರ್ಟಿನ ತುದಿಗೆ ಇನ್ನೂ ಅಂಟಿದ್ದ ಹತ್ತಿ. ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದಿದ್ದರೂ ದಾರಿಯುದ್ದ ಜಗಳಾಡಿದವರಂತೆ ಬೇರೆ ಬೇರೆ ಕಡೆ ಮುಖ ಮಾಡಿದ್ದರು.

"ಬಾಯಾರ, ಹಾಡು ಸಿಕ್ಕಾವಂತ ಪೇಪರಿನ್ಯಾಗ ಓದಿದ್ವಿ," ಎಂದಳು ಬನವ್ವ, ಒಳಗೆ ಸ್ವಾಗತದ ಮೇಜಿನ ಬಳಿ ಬಂದ ಪದ್ಮಜಾಳಿಗೆ. "ನಮ್ಮ ನಾಟಕಾ ಹುಡುಕಿಕೊಡ್ರಿ."

ನಾಟಕದ ಹೆಸರು 'ತಿರುವಿನ ಹೋಟೆಲು'. ಕೋಟೆಗುಡ್ಡದ ರೇಡಿಯೊ ಕೇಂದ್ರದಿಂದ 1994ರ ಫೆಬ್ರುವರಿಯಿಂದ ಒಂದು ವರ್ಷ, ಗುರುವಾರ ಗುರುವಾರ ಸಂಜೆ ಬರುತ್ತಿದ್ದ ಐವತ್ತೆರಡು ಕಂತುಗಳ ಧಾರಾವಾಹಿ. ರಸ್ತೆಯ ತಿರುವಿನಲ್ಲಿ ಚಹಾದ ಹೋಟೆಲು ನಡೆಸುವ ಭೀಮಕ್ಕನ ಕಥೆ. ಆಕೆಯ ಗಂಡ ಗುರುಪಾದ ಹನ್ನೆರಡು ವರ್ಷದ ಹಿಂದೆ ಹೇಳದೆ ಕೇಳದೆ ಹೋದವನು. ಟೇಪುಗಳನ್ನು ಒರೆಸಿ ಬೇರೆ ಕಾರ್ಯಕ್ರಮಕ್ಕೆ ಬಳಸಿಬಿಟ್ಟಿದ್ದರು. ಹಸ್ತಪ್ರತಿಗೆ ಗೆದ್ದಲು ಹಿಡಿದಿತ್ತು. ಬರೆದವರೂ ಇರಲಿಲ್ಲ, ಭೀಮಕ್ಕನಿಗೆ ದನಿ ಕೊಟ್ಟ ಕಮಲಾಬಾಯಿ ಮುಂಡರಗಿಯೂ ಇರಲಿಲ್ಲ.

ಪದ್ಮಜಾ ಸಮಾಧಾನದಿಂದಲೇ ಹೇಳಿದಳು: "ಅಮ್ಮಾರ, ನಮ್ಮ ಹತ್ರ ಮೊದಲs ಇದ್ದದ್ದು ಅಷ್ಟs ನಾವು ಹುಡುಕಬಹುದು. ನಾಟಕ ಯಾರ ಹತ್ರಾನೂ ಇಲ್ಲಲ್ರೀ."

"ಯಾರು ಹೇಳಿದ್ರು ಇಲ್ಲಂತ? ನನ್ನ ಹತ್ರ ಐತಿ."

ಹಾಗೆಂದವಳೇ ಬನವ್ವ ಅಲ್ಲೇ, ಸ್ವಾಗತಕಾರರ ಮೇಜಿನ ಮುಂದೆ, ಮೊದಲ ಕಂತನ್ನು ಶುರು ಮಾಡಿದಳು. ಭೀಮಕ್ಕನ ಮಾತು, ಅಡುಗೆಯ ಕಾಳವ್ವನ ಮಾತು, ಲಾರಿ ಡ್ರೈವರನ ಕೆಮ್ಮು, ಕಪ್ಪು ಬಸಿಯ ಸದ್ದಿಗೆ ಬಿಡುವ ಜಾಗ. ಏಳು ನಿಮಿಷ ಆಕೆ ನಿಲ್ಲಲಿಲ್ಲ. ಎಂಟನೆಯ ನಿಮಿಷಕ್ಕೆ ಮೆಹಬೂಬಸಾಬರು ತಡೆದರು: "ತಪ್ಪು. ಅಲ್ಲಿ 'ಬರ್ರಿ' ಅಂತಾಳ, 'ಬರ್ರೆಪಾ' ಅನ್ನೂದಿಲ್ಲ. 'ಬರ್ರೆಪಾ' ಅನ್ನೂದು ನಾಕನೇ ಕಂತಿನ್ಯಾಗ." ಬನವ್ವ ಯೋಚಿಸಿ, ಒಪ್ಪಿಕೊಂಡು, ಮುಂದುವರಿಸಿದಳು. ಗೇಟಿನ ಕಾವಲುಗಾರ ಒಳಗೆ ಬಂದು ನಿಂತಿದ್ದ.

ಪದ್ಮಜಾಳ ತಲೆಯಲ್ಲಿ ಆಗಲೇ ಯಂತ್ರ ತಿರುಗತೊಡಗಿತ್ತು. ಕಮಲಾಬಾಯಿಯವರ ಸನ್ಮಾನದ ದಿನದ ಭಾಷಣದ ಹನ್ನೆರಡು ನಿಮಿಷದ ಕ್ಯಾಸೆಟ್ಟೊಂದು ಮೆಹಬೂಬಸಾಬರ ಪೆಟ್ಟಿಗೆಯಲ್ಲಿತ್ತು. ಅಷ್ಟಿದ್ದರೆ ಆ ದನಿಯಲ್ಲಿ ಯಾವ ಮಾತನ್ನು ಬೇಕಾದರೂ ಕಂಪ್ಯೂಟರಿನಿಂದ ಆಡಿಸಬಹುದು. ಆಡಿಸಿದ್ದನ್ನು ಗದ್ದಲದ ಮೇಲೆ ಇಟ್ಟು ನೋಡಬಹುದು. ಕೂತರೆ ಕೂತಿತು.

ಫೆಬ್ರುವರಿಯಲ್ಲಿ ಮೊದಲ ಕಂತಿನ ಅಲೆಗಳು ಬಂದಿಳಿದಾಗ ಇಟ್ಟು ನೋಡಿದರೆ ಕೂರಲಿಲ್ಲ. ಮಾತು ಸರಿಯಿದ್ದರೂ ಮಾತು ಮಾತಿನ ನಡುವಿನ ಬಿಡುವು ಸರಿಯಾಗಬೇಕಿತ್ತು. ಅರ್ಧ ಸೆಕೆಂಡು ಆಚೀಚೆಯಾದರೆ ಹೊಂದಿಕೆ ತಪ್ಪುತ್ತಿತ್ತು. ಬನವ್ವನನ್ನು ಮತ್ತೆ ಕರೆಸಿ ಧ್ವನಿಕೋಣೆಯಲ್ಲಿ ಕೂರಿಸಿದರೆ ಆಕೆ ತಡವರಿಸಿದಳು. ಕೊನೆಗೆ, "ಇಲ್ಲಿ ಕುಂತು ಹೇಳಾಕ ಬರೂದಿಲ್ಲ ತಂಗಿ, ನನ್ನ ಕೈ ಖಾಲಿ ಅದಾವು," ಎಂದಳು.

ಹೀಗೆ ಪದ್ಮಜಾ ಗುಳೇದಗುಡ್ಡಕ್ಕೆ ಹೋದಳು. ಬನವ್ವನದು ಒಂದೇ ಅಂಕಣದ ಮನೆ. ಅದರಲ್ಲಿ ಮುಕ್ಕಾಲು ಪಾಲು ಮಗ್ಗ. ಆಕೆ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಳಿಬಿಟ್ಟು, ಲಾಳಿ ಎಸೆಯುತ್ತ ಕಂತು ಹೇಳತೊಡಗಿದಳು. ಆಗ ಬಿಡುವುಗಳು ತಾವಾಗಿಯೇ ಬಂದವು. ಭೀಮಕ್ಕ ಸಿಟ್ಟಾದಾಗ ನಾಲ್ಕು ಸಲ ಲಾಳಿ ಎಸೆಯುವಷ್ಟು ಮೌನ. ಕಾಳವ್ವ ನಕ್ಕಾಗ ಎರಡು. 1994ರಲ್ಲಿ ಇಪ್ಪತ್ನಾಲ್ಕರ ಹೆಂಗಸಾಗಿ ಇದೇ ಕುಣಿಯಲ್ಲಿ ಕೂತು, ಗೂಡಿನಲ್ಲಿದ್ದ ಟ್ರಾನ್ಸಿಸ್ಟರಿಗೆ ಕಿವಿಗೊಟ್ಟು ನೇಯ್ದಾಗ ಕೈ ಕಲಿತದ್ದನ್ನು ಕೈಯೇ ಈಗ ಒಪ್ಪಿಸುತ್ತಿತ್ತು.

ಮೂರನೆಯ ದಿನ ಧಾರವಾಡದ ಪರದೆಯ ಮೇಲೆ ಮಟ್ಟಸವಾಗಿ ಹರಿಯುತ್ತಿದ್ದ ಗೆರೆಯಿಂದ ಒಂದು ಮುಳ್ಳು ಎದ್ದು ನಿಂತಿತು. ಮೊದಲ ಕಂತಿನ ಹನ್ನೊಂದು ಮಾತುಗಳು ಕೂತಿದ್ದವು. ಅಷ್ಟು ಸಾಕಾಗಿತ್ತು. ಆ ಹೊತ್ತಿನಲ್ಲಿ ಮೋಡ ಅಲೆಗಳನ್ನು ಹೇಗೆ ತಿರುಚಿದೆ ಎಂಬುದು ಗೊತ್ತಾದ ಮೇಲೆ, ಆ ತಿರುಚನ್ನು ಬಿಚ್ಚಿ ಉಳಿದದ್ದನ್ನು ಯಂತ್ರವೇ ಓದಬಲ್ಲದು. ಬಾಗಿಲಿಗೆ ಬೀಗದ ಕೈ ಸಿಕ್ಕಂತೆ. ಆದರೆ ಮೋಡ ಗಳಿಗೆಗೊಮ್ಮೆ ಮಗ್ಗುಲು ಬದಲಿಸುವಂಥದು. ಒಂದು ಕಂತಿನ ಕೈ ಇನ್ನೊಂದಕ್ಕೆ ಹತ್ತುತ್ತಿರಲಿಲ್ಲ. ಪ್ರತಿ ಕಂತಿಗೂ ಹೊಸ ಕೈ ಬೇಕು. ಅದನ್ನು ಬನವ್ವ ಮತ್ತು ಮೆಹಬೂಬಸಾಬರು ಕೊಡುತ್ತಿದ್ದರು.

ಇಬ್ಬರು ಹಿರಿಯರನ್ನೂ ಕೇಂದ್ರಕ್ಕೆ ಕರೆಸಿ ಕೂರಿಸಿದರು. ಸ್ಪೀಕರಿನಿಂದ ಕಮಲಾಬಾಯಿಯ ನಿಜವಾದ ದನಿ, ನಲವತ್ತನಾಲ್ಕು ವರ್ಷ ಆಕಾಶದಲ್ಲಿ ಅಲೆದ ದನಿ ಬಂತು: "ಬರ್ರಿ, ಒಳಗ ಬರ್ರಿ, ಚಾ ಈಗ ಇಳಿಸೀನಿ." ಮೆಹಬೂಬಸಾಬರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಬನವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪದ್ಮಜಾ ಪರದೆಯ ಮೇಲಿನ ಮುಳ್ಳನ್ನು ನೋಡುವುದು ಬಿಟ್ಟು ಅವರಿಬ್ಬರನ್ನು ನೋಡುತ್ತಿದ್ದಳು.

ಪ್ರತಿಧ್ವನಿ ಹೋದ ಕ್ರಮದಲ್ಲೇ ಬರುತ್ತಿತ್ತಷ್ಟೇ. ಹಾಗಾಗಿ ವಾರಕ್ಕೊಂದು ಕಂತು. ಸುದ್ದಿ ಹಬ್ಬಿತು. ನಾಡಿನ ಯಾವ್ಯಾವ ಮೂಲೆಗೋ ಚದುರಿಹೋಗಿದ್ದ ಹಳೆಯ ಶ್ರೋತೃ ಬಳಗದವರು, ಬನವ್ವ, ಮೆಹಬೂಬಸಾಬರಂತೆ ಅಂದು ನಾಟಕದ ಬಗ್ಗೆ ಪತ್ರ ಬರೆದುಕೊಳ್ಳುತ್ತಿದ್ದವರು, ಫೋನು ಮಾಡಿ ತಮಗೆ ನೆನಪಿದ್ದ ಮಾತುಗಳನ್ನು ಹೇಳತೊಡಗಿದರು. ಬಾಗಲಕೋಟೆಯ ಒಬ್ಬ ನಿವೃತ್ತ ನರ್ಸ್ ಹದಿನೇಳನೆಯ ಕಂತಿನ ಮಳೆಯ ದೃಶ್ಯವನ್ನು ಪೂರ್ತಿ ಹೇಳಿದಳು. ಆ ಸಂಜೆ ಹೆರಿಗೆ ಕೋಣೆಯಲ್ಲಿ ಐದು ಹೆಂಗಸರು ನೋವು ಮರೆತು ಕೇಳಿದ್ದರಂತೆ. ಕೊಪ್ಪಳದ ಜೈಲಿನಲ್ಲಿದ್ದವನೊಬ್ಬ, ಸೋಲಾಪುರದ ಚಾದರ ಗಿರಣಿಯಲ್ಲಿದ್ದವನೊಬ್ಬ. ಶುಕ್ರವಾರ ಮಧ್ಯಾಹ್ನ ಕೇಂದ್ರದ ಊಟದ ಕೋಣೆಯಲ್ಲಿ ಕಂತು ಕೇಳಿಸುವುದು ರೂಢಿಯಾಯಿತು. ಕೇಂದ್ರದ ಮುಖ್ಯಸ್ಥ ವೆಂಕಟಾಚಲ ಮೈಸೂರಿನವರು, ಖಗೋಳದ ಹೊರತು ಬೇರೆ ಮಾತಿಲ್ಲದವರು. ಅವರೂ ಸುಮ್ಮನೆ ಬಂದು ಹಿಂದಿನ ಬೆಂಚಿನಲ್ಲಿ ಕೂರತೊಡಗಿದರು. "ಮೋಡದ ನಕ್ಷೆ ಎಷ್ಟು ಚೆನ್ನಾಗಿ ಬರ್ತಿದೆ ಅಂತ ನೋಡೋಕೆ ಬಂದೆ ಕಣಮ್ಮ," ಎನ್ನುತ್ತಿದ್ದರು. ನಕ್ಷೆ ನಿಜವಾಗಿಯೂ ಚೆನ್ನಾಗಿ ಬರುತ್ತಿತ್ತು. ಆದರೆ ಅದು ಊಟದ ಕೋಣೆಯಲ್ಲಿರಲಿಲ್ಲ.

ಬನವ್ವ, ಮೆಹಬೂಬಸಾಬರ ಜಗಳ ಏನೆಂಬುದು ಪದ್ಮಜಾಳಿಗೆ ಆಗ ತಿಳಿಯಿತು. ಐವತ್ತೊಂದನೆಯ ಕಂತಿನ ಕೊನೆಯಲ್ಲಿ ಗುರುಪಾದ ಬಂದು ಹೋಟೆಲಿನ ಮುಚ್ಚಿದ ಬಾಗಿಲು ಬಡಿಯುತ್ತಾನೆ. "ಭೀಮಾ, ಬಾಗಿಲಾ ತಗೀ," ಎನ್ನುತ್ತಾನೆ. ಅಲ್ಲಿಗೆ ಮುಗಿಯುತ್ತದೆ. ಮರುವಾರ ಎಲ್ಲರೂ ರೇಡಿಯೊ ಹಚ್ಚಿ ಕೂತರೆ ಕ್ರಿಕೆಟ್ಟಿನ ವಿವರಣೆ ಬಂತು. ಕೊನೆಯ ಕಂತನ್ನು ಯಾರಿಗೂ ತಿಳಿಸದೆ ಅಂದು ಬೆಳಗಿನ ಐದೂ ಮುಕ್ಕಾಲಿಗೇ ಪ್ರಸಾರ ಮಾಡಿ ರಿಜಿಸ್ಟರಿನಲ್ಲಿ ಗುರುತು ಹಾಕಿಬಿಟ್ಟಿದ್ದರು. ಬಳಗದ ಒಬ್ಬರೂ ಕೇಳಿರಲಿಲ್ಲ. ನೂರಾರು ಕಾರ್ಡು ಬರೆದರು. ಟೇಪು ಒರೆಸಿಯಾಗಿತ್ತು.

ಭೀಮಕ್ಕ ಬಾಗಿಲು ತೆಗೆದಳು ಎಂಬುದು ಮೆಹಬೂಬಸಾಬರ ವಾದ. ತೆಗೆಯಲಿಲ್ಲ ಎಂಬುದು ಬನವ್ವನ ವಾದ. ನಲವತ್ತನಾಲ್ಕು ವರ್ಷ ಇಬ್ಬರೂ ಪತ್ರದಲ್ಲಿ, ಆಮೇಲೆ ಫೋನಿನಲ್ಲಿ, ಮದುವೆ ಮುಂಜಿಗಳಲ್ಲಿ ಎದುರಾದಾಗಲೆಲ್ಲ ಇದೊಂದನ್ನೇ ಹಿಡಿದು ವಾದಿಸಿದ್ದರು.

2039ರ ಫೆಬ್ರುವರಿ ಎರಡನೆಯ ವಾರ ಕೊನೆಯ ಕಂತು ಚಂದ್ರನ ತಂತಿಗಳಿಗೆ ಬಂದು ಬಿತ್ತು. ಆದರೆ ಅದಕ್ಕೆ ಬೀಗದ ಕೈ ಯಾರ ಬಳಿಯೂ ಇರಲಿಲ್ಲ. ಶೀರ್ಷಿಕೆ ಸಂಗೀತವನ್ನಾದರೂ ಹಿಡಿಯೋಣವೆಂದು ಪದ್ಮಜಾ ಮೊದಲು ಅದನ್ನೇ ಇಟ್ಟು ನೋಡಿದಳು. ಇರಲಿಲ್ಲ. ಅವಸರದ ಪ್ರಸಾರದಲ್ಲಿ ಅದನ್ನು ಕತ್ತರಿಸಿ ನೇರ ನಾಟಕಕ್ಕೇ ಹೋಗಿದ್ದರು.

"ಇಪ್ಪತ್ತೊಂದು ದಿನ ಕಣಮ್ಮ," ಎಂದರು ವೆಂಕಟಾಚಲ. ನಾಲ್ಕು ಸಾವಿರ ತಂತಿಗಳ ಗದ್ದಲವನ್ನು ಹಾಗೇ ಹಿಡಿದಿಟ್ಟುಕೊಳ್ಳುವಷ್ಟು ಜಾಗ ಯಾರಲ್ಲೂ ಇರಲಿಲ್ಲ. ಇಪ್ಪತ್ತೊಂದು ದಿನ ಇಟ್ಟು ಒರೆಸುವುದು, ಅದರ ಮೇಲೆ ಹೊಸದನ್ನು ತುಂಬುವುದು ನಿಯಮ. "ನನ್ನ ಕೈಲಿದ್ದರೆ ಇಟ್ಟುಕೊಳ್ತಿದ್ದೆ. ಹಿಂದಿನಿಂದ ಹನ್ನೊಂದು ದೇಶದವರ ಅವಲೋಕನ ಕಾದು ಕೂತಿದೆ."

"ಹಂಗಾರ ಮತ್ತೊಮ್ಮೆ ಒರಸೂದಾತು," ಎಂದಳು ಪದ್ಮಜಾ. ಆ ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಮೋಡದ ನಕ್ಷೆ ಮುಗಿದಿತ್ತು. ಈ ಕಂತು ಇಲ್ಲದಿದ್ದರೂ ವಿಜ್ಞಾನಕ್ಕೆ ನಷ್ಟವಿರಲಿಲ್ಲ.

ಅವಳು ಬಳಗಕ್ಕೆಲ್ಲ ಸುದ್ದಿ ಕಳಿಸಿದಳು: ಕೊನೆಯ ಕಂತಿನ ಮೊದಲ ಮಾತು ಏನಿರಬಹುದು ಎಂದು ಊಹಿಸಿ ಹೇಳಿ. ಊಹೆ ನಿಜವಾದರೆ ಯಂತ್ರ ಗುರುತು ಹಿಡಿಯುತ್ತದೆ. ಐದಾರು ಮಾತು ಸಾಕು, ಉಳಿದದ್ದು ತಾನೇ ತೆರೆಯುತ್ತದೆ.

ಒಂದು ವಾರದಲ್ಲಿ ಸಾವಿರದ ನೂರಕ್ಕೂ ಹೆಚ್ಚು ಊಹೆಗಳು ಬಂದವು. ಕೆಲವರು ಪುಟಗಟ್ಟಲೆ ಬರೆದಿದ್ದರು. ಭೀಮಕ್ಕ ಅತ್ತಳು, ಉಗಿದಳು, ಕ್ಷಮಿಸಿದಳು, ಬಾಗಿಲ ಹಿಂದಿನಿಂದ ಹನ್ನೆರಡು ವರ್ಷದ ಕಥೆ ಹೇಳಿದಳು. ಪದ್ಮಜಾ ಒಂದೊಂದನ್ನೂ ಆ ದನಿಯಲ್ಲಿ ಆಡಿಸಿ, ಗದ್ದಲದ ಮೇಲೆ ಇಟ್ಟು ನೋಡಿದಳು. ಗೆರೆ ಮಟ್ಟಸವಾಗಿಯೇ ಹರಿಯಿತು.

ಮನೆಯಲ್ಲಿ ಒಂದು ಸಂಜೆ ತಾಯಿಯ ಪಕ್ಕ ಕೂತು, ಟಿ.ವಿ.ಯಲ್ಲಿ ಕಣ್ಣೀರಿಡುತ್ತಿದ್ದ ಹೆಂಗಸನ್ನು ತೋರಿಸಿ, "ಯಾರವ್ವಾ ಅಕಿ?" ಎಂದು ಕೇಳಿದಳು. ತಾಯಿ ಅನುಮಾನದಿಂದ ಮಗಳ ಮುಖ ನೋಡಿ, ಆಮೇಲೆ ಹೇಳತೊಡಗಿದಳು. ಅನ್ನ ಆರಿಹೋಗುವವರೆಗೂ ಹೇಳಿದಳು. ಆ ಸೊಸೆ ಮುಂದಿನ ವಾರ ಏನು ಮಾಡುತ್ತಾಳೆ, ಬರೆಯುವವನು ಏನು ತಪ್ಪು ಮಾಡುತ್ತಿದ್ದಾನೆ, ಎಲ್ಲ. ಇಷ್ಟು ದಿನ ತನ್ನ ಮನೆಯಲ್ಲೇ ಇಂಥ ಒಂದು ಪಾಂಡಿತ್ಯ ಇದ್ದದ್ದು ಪದ್ಮಜಾಳಿಗೆ ಗೊತ್ತಿರಲಿಲ್ಲ.

ಹದಿನೈದನೆಯ ದಿನ ಅವಳು ಗುಳೇದಗುಡ್ಡಕ್ಕೆ ಹೋದಳು. ಎಲ್ಲರಿಂದ ಊಹೆ ಬಂದಿದ್ದರೂ ಬನವ್ವನಿಂದ ಒಂದೂ ಬಂದಿರಲಿಲ್ಲ. ಮಗ್ಗ ನಿಂತಿತ್ತು. ಬನವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಒಂದು ರೊಟ್ಟಿ ಪದ್ಮಜಾಳ ತಾಟಿಗೆ ಹಾಕಿ, ಪುಂಡಿಪಲ್ಯ ಹಚ್ಚಿ ಕೊಟ್ಟು, ತಾನು ಕೈ ತೊಳೆದು ಗೋಡೆಗೆ ಒರಗಿದಳು.

"ನನಗ ಆ ಕಂತು ಸಿಗೂದು ಬ್ಯಾಡ ಅನ್ನಸಾಕತ್ತೈತಿ ತಂಗಿ."

"ಯಾಕ್ರೀ ಅವ್ವಾ? ನೀವs ಅಲ್ಲೇನು ಹುಡುಕ್ರಿ ಅಂತ ಬಂದವ್ರು?"

ಬನವ್ವ ನಿಂತಿದ್ದ ಮಗ್ಗದ ಕಡೆ ನೋಡಿದಳು. "ನನ್ನ ಗಂಡ ಇಚಲಕರಂಜಿಗೆ ಪವರ್‌ಲೂಮಿಗೆ ಹೋಗ್ತೀನಿ ಅಂತ ಹೋದಾಂವ ಎರಡು ವರ್ಷ ಸುದ್ದಿ ಇರಲಿಲ್ಲ. ಅಲ್ಲೆ ಇನ್ನೊಬ್ಬಾಕಿ ಕೂಡ ಅದಾನಂತ ಮಂದಿ ಹೇಳ್ತಿದ್ರು. ಭೀಮಕ್ಕನ ನಾಟಕಾ ಶುರು ಆದಾಗ ನನಗ ಅದು ನಂದs ಮನಿ ಅನಿಸ್ತು. ಗುರುಪಾದ ಬಂದು ಬಾಗಿಲಾ ಬಡದ. ಮುಂದಿನ ವಾರ ಭೀಮಕ್ಕ ಏನ ಮಾಡ್ತಾಳ ಅಂತ ಕಾಯ್ಕೋತ ಕುಂತೆ. ಕೇಳಾಕ ಸಿಗಲಿಲ್ಲ. ಅದಾಗಿ ಯುಗಾದಿ ಮುಂದ ನಮ್ಮಾಂವ ಬಂದ. ಇದs ಬಾಗಿಲಾ ಬಡದ."

ಪದ್ಮಜಾ ತುತ್ತನ್ನು ಹಿಡಿದ ಕೈ ಹಾಗೇ ನಿಲ್ಲಿಸಿದಳು.

"ಭೀಮಕ್ಕ ತಗದಿರಲಿಕ್ಕಿಲ್ಲ ಅಂದ್ಕೊಂಡೆ. ಅಕಿ ಅಂಥಾಕಿ. ನಾನೂ ತಗೀಲಿಲ್ಲ. ನಿಂತ, ನಿಂತ, ಹೋದ. ಅಲ್ಲೆ ಇಚಲಕರಂಜಿಯೊಳಗs ಸತ್ತ, ಹತ್ತು ವರ್ಷ ಆತು." ಆಕೆ ಸೆರಗಿನಿಂದ ನೆಲದ ಮೇಲಿನ ಹಿಟ್ಟು ಒರೆಸಿದಳು. "ಮೆಹಬೂಬಣ್ಣ ತಗದ್ಲು ಅಂತಾನ. ಅಂವ ಹಂಗ ಅಂದಾಗೆಲ್ಲ ನನಗ ಕರಳು ಹಿಂಡತೈತಿ. ಭೀಮಕ್ಕ ತಗದಿದ್ರ ನಾ ಮಾಡಿದ್ದು ತಪ್ಪಾತಲ್ಲ."

ಅದು ಬರಿಯ ನಾಟಕ ಎಂದು ಪದ್ಮಜಾ ಹೇಳಬಹುದಿತ್ತು. ಒಂದು ವರ್ಷದ ಹಿಂದಾಗಿದ್ದರೆ ಹೇಳುತ್ತಿದ್ದಳು ಕೂಡ. "ಬ್ಯಾಡಂದ್ರ ಬಿಡ್ತೀನ್ರಿ ಅವ್ವಾ," ಎಂದಷ್ಟೇ ಹೇಳಿದಳು.

ಬನವ್ವ ಮತ್ತೊಂದು ರೊಟ್ಟಿಗೆ ಹಿಟ್ಟು ತೆಗೆದುಕೊಂಡಳು.

ಇಪ್ಪತ್ತನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಬನವ್ವ ಮತ್ತು ಮೆಹಬೂಬಸಾಬರು ನಿಯಂತ್ರಣ ಕೋಣೆಯ ಬಾಗಿಲಲ್ಲಿದ್ದರು. ಬನವ್ವನ ಕಣ್ಣ ಸುತ್ತ ನಿದ್ದೆಗೆಟ್ಟ ಕಪ್ಪು. "ಸಾವಿರಾರು ಮಂದಿ ಕಾಯಾಕತ್ತಾರ. ನಾ ಒಬ್ಬಾಕಿ ಅಂಜಿ ಕುಂತರ ಹ್ಯಾಂಗ?" ಎಂದಳು.

ಪದ್ಮಜಾ ಬಂದಿದ್ದ ಊಹೆಗಳ ಸಾರವನ್ನು ಓದಿ ಹೇಳಿದಳು. ನಡುವೆ ಇಬ್ಬರ ವಾದ ಶುರುವಾಯಿತು. ತೆಗೆದಳು, ತೆಗೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೆಹಬೂಬಸಾಬರು ಥಟ್ಟನೆ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರು.

"ಬನಕ್ಕಾ, ಒಂದ ಮಾತು. ಇಷ್ಟೂ ಮಂದಿ ಬಾಗಿಲದ ಕಡೆ ನೋಡ್ಯಾರ. ಭೀಮಕ್ಕ ಯಾವಾಗರ ಮೊದಲ ಬಾಗಿಲದ ಕಡೆ ನೋಡ್ಯಾಳೇನು? ಪೊಲೀಸರು ಬಂದಾಗ?"

"ಇಲ್ಲ. ಒಂಬತ್ತನೇ ಕಂತು. ಮೊದಲ ಮಿರ್ಚಿ ಕರಿಯೂದು ಮುಗಿಸಿದ್ಲು."

"ಮಗಾ ಸತ್ತಾನಂತ ಪೋಸ್ಟಿನಾಂವ ತಾರು ತಂದಾಗ?"

"ಸಕ್ರಿ ಡಬ್ಬಿ ಮುಚ್ಚಳಾ ಹಾಕಿದ್ಲು. ಆಮ್ಯಾಲೆ ಕೈ ಒರಸ್ಕೊಂಡು ತಾರು ಇಸ್ಕೊಂಡ್ಲು." ಬನವ್ವ ಮಾತು ನಿಲ್ಲಿಸಿದಳು. ಆಕೆಯ ಬಲಗೈ ಗಾಳಿಯಲ್ಲಿ ಇಲ್ಲದ ಲಾಳಿಯೊಂದನ್ನು ಎಸೆಯತೊಡಗಿತು. ಐವತ್ತೊಂದನೆಯ ಕಂತನ್ನು ಆಕೆ ತುಟಿಯಲ್ಲೇ ಮೊದಲಿನಿಂದ ಹೇಳಿಕೊಳ್ಳುತ್ತಿದ್ದಳು. ಕೋಣೆಯಲ್ಲಿದ್ದ ಎಲ್ಲರೂ ಕಾದರು. ವೆಂಕಟಾಚಲರೂ ಬಂದು ನಿಂತಿದ್ದರು.

"ಹಾಲು," ಎಂದಳು ಬನವ್ವ. "ಕಂತಿನ ನಡುವ ಕಾಳವ್ವ 'ಸಂಜೀ ಹಾಲ ಒಲಿ ಮ್ಯಾಲೆ ಇಟ್ಟೀನಿ' ಅಂತಾಳ. ಅದಾಗಿ ಮೂವತ್ತು ಲಾಳಿಗೆ ಗುರುಪಾದ ಬಾಗಿಲಾ ಬಡೀತಾನ. ಹಾಲು ಇನ್ನೂ ಯಾರೂ ಇಳಿಸಿಲ್ಲ. ಮೆಹಬೂಬಣ್ಣಾ, ಹಾಲು ಒಲಿ ಮ್ಯಾಲೆs ಐತಿ!"

"ಉಕ್ಕತಾವ!" ಎಂದರು ಮೆಹಬೂಬಸಾಬರು, ಹಾಲು ಈ ಕೋಣೆಯಲ್ಲೇ ಉಕ್ಕುತ್ತಿರುವಂತೆ ಎದ್ದು ನಿಂತು.

ಸಾವಿರದ ನೂರು ಊಹೆಗಳಲ್ಲಿ ಒಂದರಲ್ಲೂ ಹಾಲು ಇರಲಿಲ್ಲ. ನಲವತ್ತನಾಲ್ಕು ವರ್ಷದ ಹಿಂದೆ ಒಲೆಯ ಮೇಲಿಟ್ಟ ಹಾಲನ್ನು ಮರೆಯದೆ ಉಳಿದ ಮನುಷ್ಯರು ಪ್ರಪಂಚದಲ್ಲಿ ಇಬ್ಬರೇ ಇರಬಹುದು, ಇಬ್ಬರೂ ತನ್ನೆದುರು ಇದ್ದಾರೆ ಎಂದು ಪದ್ಮಜಾಳಿಗೆ ಅನ್ನಿಸಿತು. ಅವಳು ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡಳು. "ಹ್ಯಾಂಗ ಹೇಳ್ತಾಳ್ರೀ? ಮಾತು ಹೇಳ್ರಿ."

ಇಬ್ಬರೂ ಸೇರಿ ಹೇಳಿದರು. ಕಾಳವ್ವಾ, ಹಾಲ ನೋಡ. ಗೆರೆ ಮಟ್ಟಸ. ಕಾಳವ್ವಾ, ಹಾಲ ಉಕ್ಕತಾವ. ಮಟ್ಟಸ. ಭೀಮಕ್ಕ ಗಾಬರಿಯಾದಾಗ ಕಾಳವ್ವನ ಹೆಸರು ಹಿಡಿಯುವುದಿಲ್ಲ ಎಂದರು ಮೆಹಬೂಬಸಾಬರು. ಗಾಬರಿಯಾಗಿರುವುದಿಲ್ಲ, ಹನ್ನೆರಡು ವರ್ಷ ಕಾದವಳಿಗೆ ಎಂಥ ಗಾಬರಿ ಎಂದಳು ಬನವ್ವ. ಒಂಬತ್ತನೆಯ ಸಲ ಬನವ್ವ ಕಣ್ಣು ಮುಚ್ಚಿ, ಸಣ್ಣ ದನಿಯಲ್ಲಿ ಹೇಳಿದಳು: "ಕಾಳವ್ವಾ, ಹಾಲ ಕೆಳಗಿಳಸ. ಒಲಿ ಸಣ್ಣ ಮಾಡ." ಆಮೇಲೆ ಎರಡು ಬೆರಳೆತ್ತಿದಳು. ನಡುವೆ ಎರಡು ಲಾಳಿ ಬಿಡುವು.

ಪರದೆಯ ಮೇಲೆ ಮುಳ್ಳು ಎದ್ದು ನಿಂತಿತು.

ಯಂತ್ರ ತಿರುಚನ್ನು ಬಿಚ್ಚಲು ನಲವತ್ತು ನಿಮಿಷ ತೆಗೆದುಕೊಂಡಿತು. ಅಷ್ಟೂ ಹೊತ್ತು ಬನವ್ವ ಸೀರೆಯ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು. ಪದ್ಮಜಾ ಕುರ್ಚಿಯನ್ನು ಆಕೆಯ ಪಕ್ಕಕ್ಕೆ ಎಳೆದುಕೊಂಡಳು.

ಆಮೇಲೆ ಭೀಮಕ್ಕ ಮಾತಾಡಿದಳು.

"ಕಾಳವ್ವಾ, ಹಾಲ ಕೆಳಗಿಳಸ. ಒಲಿ ಸಣ್ಣ ಮಾಡ." ಪಾತ್ರೆಯ ಸದ್ದು. ನಿಧಾನವಾಗಿ ಹೆಜ್ಜೆ. ಚಿಲಕ ಸರಿದ ಸದ್ದು. ಮೆಹಬೂಬಸಾಬರು ಸ್ಪೀಕರಿನ ಕಡೆ ಬಾಗಿದರು. ಬನವ್ವನ ಕೈ ಬಂದು ಪದ್ಮಜಾಳ ಮಣಿಕಟ್ಟನ್ನು ಹಿಡಿಯಿತು.

"ಬರ್ರಿ. ಕುಂದರ್ರಿ. ಚಾ ಕುಡೀರಿ."

"ಭೀಮಾ... ನನ್ನ ಗುರುತ ಸಿಗಲಿಲ್ಲೇನು?"

ಬಸಿ ಕಪ್ಪನ್ನು ಮೇಜಿನ ಮೇಲಿಟ್ಟ ಸದ್ದು. ಬಹಳ ಹೊತ್ತು ಏನೂ ಇಲ್ಲ. ಹೊರಗೆಲ್ಲೋ ಒಂದು ಲಾರಿ ಹಾದುಹೋಯಿತು.

"ಸಿಕ್ಕೈತಿ. ಇದು ಹೋಟೆಲಿನ ಬಾಗಿಲಾ. ಯಾರು ಬಡದ್ರೂ ತಗೀತೀನಿ. ನನ್ನ ಮನಿ ಬಾಗಿಲಾ ಹಿತ್ತಲದಾಗೈತಿ. ನಾಳಿಗೆ ಹೊತ್ತು ಹೊಂಟ ಮ್ಯಾಲೆ ಬಂದು ಅದನ್ನ ಬಡಿ. ತಗೀಬೇಕೋ ಬ್ಯಾಡೋ ಅಂತ ನಾ ಇವತ್ತ ರಾತ್ರಿ ವಿಚಾರ ಮಾಡ್ತೀನಿ. ಈಗ ಚಾ ಕುಡಿ, ಆರತೈತಿ."

ಕೊನೆಯಲ್ಲೂ ಸಂಗೀತವಿರಲಿಲ್ಲ. ಮುಗಿಯಿತು.

ಮೊದಲು ಚಪ್ಪಾಳೆ ತಟ್ಟಿದವರು ವೆಂಕಟಾಚಲ. ಆಮೇಲೆ ಕೋಣೆಯೇ ತಟ್ಟಿತು. ಮೆಹಬೂಬಸಾಬರು ಕಣ್ಣೊರೆಸಿಕೊಂಡು, ಗೆದ್ದ ದನಿಯಲ್ಲಿ, "ತಗದ್ಲು! ನಾ ಹೇಳಿದ್ನಿಲ್ಲ?" ಎಂದರು.

"ಎಲ್ಲಿ ತಗದ್ಲು? ವಿಚಾರ ಮಾಡ್ತೀನಿ ಅಂದಾಳ!" ಎಂದಳು ಬನವ್ವ.

"ಚಿಲಕಾ ಸಪ್ಪಳ ಕೇಳಲಿಲ್ಲೇನು ನಿನಗ?"

"ಅದು ಹೋಟೆಲಿಂದು!"

ಸಂಜೆಯ ಹೊತ್ತಿಗೆ ಬಳಗದವರೆಲ್ಲ ಕೇಳಿಯಾಗಿತ್ತು, ಬಳಗ ಎರಡು ಪಂಗಡವೂ ಆಗಿತ್ತು. ಬಾಗಲಕೋಟೆಯ ನರ್ಸ್ ಫೋನು ಮಾಡಿ, ಮರುದಿನ ಗುರುಪಾದ ಬಂದೇ ಬಂದಿರುತ್ತಾನೆ ಎಂದು ಅರ್ಧ ಗಂಟೆ ವಾದಿಸಿದಳು.

ಪದ್ಮಜಾ ಇಬ್ಬರನ್ನೂ ಬಸ್ಸು ಹತ್ತಿಸಲು ಗೇಟಿನವರೆಗೆ ಹೋದಳು. ಮೆಹಬೂಬಸಾಬರು ಚಹಾ ತರಲು ರಸ್ತೆಯಾಚೆಗೆ ನಡೆದರು. ಬನವ್ವ ಕಲ್ಲುಬೆಂಚಿನ ಮೇಲೆ ಕೂತಳು. ಕೇಳಬೇಕೋ ಬೇಡವೋ ಎಂದು ಪದ್ಮಜಾ ತಡವರಿಸುತ್ತಿರುವಾಗ ಆಕೆಯೇ ಮಾತು ತೆಗೆದಳು.

"ಭೀಮಕ್ಕಗ ಎರಡು ಬಾಗಿಲಾ ಇದ್ವು ತಂಗಿ. ನಮ್ಮ ಮನಿಗೆ ಒಂದs."

"ಹೌದ್ರೀ ಅವ್ವಾ."

"ಅವತ್ತ ನಿನಗ ಅರ್ಧಾ ಹೇಳಿದ್ನಿ. ಉಳದದ್ದು ಮೆಹಬೂಬಣ್ಣಗೂ ಹೇಳಿಲ್ಲ, ಯಾರಿಗೂ ಹೇಳಿಲ್ಲ. ಅಂವ ಹೋದ ರಾತ್ರಿ ನನಗ ನಿದ್ದಿ ಬರಲಿಲ್ಲ. ವಿಚಾರ ಮಾಡಿದೆ. ಮರುದಿನ ಹೊತ್ತು ಹೊಂಡೂ ಮುಂದ ಎದ್ದು, ಬಾಗಿಲಾ ಸಾರಿಸಿ, ತಗದಿಟ್ಟು, ಮಗ್ಗದ ಕುಣಿಯೊಳಗ ಕುಂತೆ. ಹೊತ್ತು ಮುಣಗೂತನಾ ತಗದs ಇಟ್ಟಿದ್ದೆ." ಆಕೆ ರಸ್ತೆಯ ಕಡೆ ನೋಡಿದಳು. ದನಿಯಲ್ಲಿ ಅಳು ಇರಲಿಲ್ಲ. "ಅಂವ ಬರಲಿಲ್ಲ. ನಾ ಕೇಳಲಾರದs ಭೀಮಕ್ಕ ಮಾಡಿದಂಗs ಮಾಡಿದ್ನಿ ನೋಡು."

ಪದ್ಮಜಾ ಆಕೆಯ ಪಕ್ಕ ಕೂತು ಆ ಒರಟು ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಮೂರು ಲೋಟ ಚಹಾ ಹಿಡಿದು ಮೆಹಬೂಬಸಾಬರು ರಸ್ತೆ ದಾಟುತ್ತಿದ್ದರು. ದೂರದಿಂದಲೇ ಕೂಗಿದರು: "ಬನಕ್ಕಾ, ಗುರುಪಾದ ಮರುದಿನ ಬಂದಿರ್ತಾನೋ ಇಲ್ಲೋ? ಅಷ್ಟು ಹೇಳು!"

"ಬಂದಿರ್ತಾನ," ಎಂದಳು ಬನವ್ವ, ಲೋಟಕ್ಕೆ ಕೈ ಚಾಚುತ್ತ. "ಬಂದಿರ್ತಾನ, ಅಕಿ ತಗದಿರ್ತಾಳ. ಎಲ್ಲಾರ ಮನ್ಯಾಗೂ ನಮ್ಮ ಮನ್ಯಾಗ ಆದಂಗs ಆಗಬೇಕೇನು?"

ನಲವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಎದುರಾಳಿ ಒಪ್ಪಿಕೊಂಡದ್ದಕ್ಕೆ ಮೆಹಬೂಬಸಾಬರು ತಮ್ಮ ಪಾಲಿನ ಲೋಟವನ್ನೂ ಆಕೆಯ ಕೈಗೇ ಕೊಟ್ಟುಬಿಟ್ಟರು.